ದುಂಡು ದೀಪದ ಕಾರುಗಳು

ಮದುವೆಯ ಸುಗ್ಗಿ ಬಂದಾಗ ಕೊಪ್ಪಳ, ಗಂಗಾವತಿಗಳ ಕಲ್ಯಾಣ ಮಂಟಪಗಳ ಮುಂದೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಹತ್ತು, ಹದಿನೈದು, ಇಪ್ಪತ್ತು ಲಕ್ಷ ರೂಪಾಯಿ ಬೆಲೆಯ ಕಾರುಗಳು ಒಂದರ ಹಿಂದೊಂದು ಬಂದರೂ ಅವುಗಳತ್ತ ಕತ್ತು ಹೊರಳಿಸಿ ನೋಡುವವರು ವಿರಳ. ಅದೇ ಸಾಲಿನಲ್ಲಿ ಹಳೆಯದೊಂದು ಅಂಬಾಸಿಡರ್ ಅಥವಾ ಫಿಯಾಟ್ ಬಂದು ನಿಂತಿತೆಂದರೆ, ಬೀಗರ ಉಪಚಾರದಲ್ಲಿದ್ದ ಹಿರಿಯರೂ ಎರಡು ಹೆಜ್ಜೆ ಮುಂದೆ ಬಂದು ಅದರ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾರೆ. ಆ ಕಾರು ಕಾರ್ಖಾನೆಯಿಂದ ಹೊರಬಂದಾಗ ಇನ್ನೂ ಹುಟ್ಟಿರದ ಹುಡುಗರು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಸಹೃದಯ ಓದುಗರೇ, ಈ ಒಲವು ಎಲ್ಲಿಂದ ಬಂದಿತು? ಹಿರಿಯರದು ಬಾಲ್ಯದ ನೆನಪು ಎನ್ನೋಣ. ನೆನಪೇ ಇಲ್ಲದ ಹುಡುಗರದು ಏನು? ಬರಿಯ ದುಂಡು ದೀಪ, ಹೊಳೆಯುವ ಬಂಪರುಗಳ ಮೇಲಿನ ಮೋಹವೇ? ಅಥವಾ ಆ ರೂಪದ ಹಿಂದೆ ನಾವು ಕಳೆದುಕೊಂಡ ಬೇರೊಂದು ಗುಣವಿದೆಯೇ? ನೂರಾರು ಮನೆಗಳ ಅಂಗಳದಲ್ಲಿ, ಕಣಜದ ಪಕ್ಕದ ತಗಡಿನ ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿರುವ ಹಳೆಯ ಕಾರನ್ನು ಏನು ಮಾಡುವುದೆಂಬ ಪ್ರಶ್ನೆ ಇಂದು ಎದ್ದು ನಿಂತಿರುವುದರಿಂದ ಇದನ್ನು ವಿಚಾರಿಸುವುದು ಉಚಿತವಾದುದು.

ಅರಸರ ರಥದಿಂದ ಮನೆಯ ಬಂಡಿಯವರೆಗೆ

ನಮ್ಮ ಭಾಗಕ್ಕೆ ಕಾರು ಬಂದುದು ತಡವಾಗಿ. ನಿಜಾಮರ ಆಡಳಿತದಲ್ಲಿ ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಅಂದು ಕಾರೆಂದರೆ ಅರಸೊತ್ತಿಗೆಯ ವೈಭವದ ಮಾತು. 6ನೆಯ ನಿಜಾಮ ಮಹಬೂಬ್ ಅಲಿ ಪಾಷಾ ಅವರಿಗಾಗಿ ಇಂಗ್ಲೆಂಡಿನಲ್ಲಿ ತಯಾರಾದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿನ ಹಿಂದಿನ ಆಸನವನ್ನು ಸಿಂಹಾಸನದಂತೆಯೇ ರೂಪಿಸಲಾಗಿತ್ತು. ಆ ಕಾರು ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಜನಸಾಮಾನ್ಯರಿಗೆ ಮೋಟಾರು ಎಂದರೆ ಬಸ್ಸು. ನಿಜಾಮ ಸರಕಾರವು 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿದಾಗಲೂ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳ ಬದುಕು ಚಕ್ಕಡಿಯ ಮೇಲೆಯೇ ಸಾಗಿತ್ತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಗಂಗಾವತಿಯ ನೆಲಕ್ಕೆ ಹರಿಯಿತು. ಭತ್ತದ ಬೆಳೆ ಬಂದಿತು, ಅಕ್ಕಿ ಗಿರಣಿಗಳು ಎದ್ದವು, ಅವುಗಳ ಹಿಂದೆಯೇ ಗಿರಣಿಗಳ ಅಂಗಳಕ್ಕೆ ಕಾರುಗಳೂ ಬಂದವು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಅವು ಅಪರೂಪವಾಗಿಯೇ ಉಳಿದವು. ಇಡೀ ಊರಿಗೆ ಒಂದು ಕಾರು ಇದ್ದರೆ ಅದು ಊರಿನದೇ ಕಾರು. ಹೆರಿಗೆಯ ನೋವು ಬಂದ ಸೊಸೆಯನ್ನು ದವಾಖಾನೆಗೆ ಒಯ್ಯುವುದಕ್ಕೂ, ಮದುಮಗನ ಮೆರವಣಿಗೆಗೂ, ಪೂಜ್ಯರನ್ನು ಊರಿಗೆ ಬಿಜಯಂಗೈಸಿಕೊಂಡು ಬರುವುದಕ್ಕೂ ಅದೇ ಒಂದು ವಾಹನ. ಹಳೆಯ ಕಾರಿನ ಮೇಲಿನ ಪ್ರೀತಿಯಲ್ಲಿ ಈ ಹಂಚಿಕೆಯ ಪಾಲು ದೊಡ್ಡದು. ಒಡೆಯ ಒಬ್ಬನೇ ಆದರೂ ಅದರ ನೆನಪು ನೂರು ಮನೆಗಳಿಗೆ ಸೇರಿತ್ತು.

ಈ ಕಾರುಗಳ ಚರಿತ್ರೆಯಲ್ಲಿ ಕನ್ನಡಿಗರಿಗೆ ಹೆಮ್ಮೆಯ ಸ್ಥಾನವೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರಕಾರದ ಬೆಂಬಲ ದೊರೆಯದೆ ಅದು ಹಿಂದೆ ಬಿದ್ದಿತು. ಆ ಕನಸನ್ನು ಮುಂದಕ್ಕೊಯ್ದವರು ಸೋಲಾಪುರದಲ್ಲಿ ಜನಿಸಿದ ಉದ್ಯಮಿ ವಾಲಚಂದ್ ಹಿರಾಚಂದ್. ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದಲೇ ಮುಂದೆ ಫಿಯಾಟ್ ಕಾರುಗಳು ಹೊರಬಂದವು. 1970ರ ದಶಕದಲ್ಲಿ ಅದೇ ಫಿಯಾಟ್ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಪಡೆಯಿತು. ಅತ್ತ 1942ರಲ್ಲಿ ಆರಂಭವಾದ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾರಾದಲ್ಲಿ ನೆಲೆನಿಂತು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1950ರ ದಶಕದ ಕೊನೆಯಿಂದ ಅಂಬಾಸಿಡರನ್ನು ತಯಾರಿಸತೊಡಗಿತು. ಮದ್ರಾಸಿನಿಂದ 1961ರಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಬಂದಿತು. ಸುಮಾರು ಕಾಲು ಶತಮಾನದವರೆಗೆ ಈ ಮೂರು ಊರುಗಳ ಕಾರುಗಳೇ ನಮ್ಮ ದೇಶದ ರಸ್ತೆಗಳನ್ನು ಆಳಿದವೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ಬೆಂಗಳೂರು ಕೂಡ ಹಿಂದೆ ಉಳಿಯಲಿಲ್ಲ. 1970ರ ದಶಕದಲ್ಲಿ ಅಲ್ಲಿ 'ಬಾದಲ್' ಎಂಬ ಮೂರು ಗಾಲಿಯ ಪುಟ್ಟ ಕಾರು ತಯಾರಾಯಿತು. 1980ರ ದಶಕದಲ್ಲಿ ಸಿಪಾನಿ ಸಂಸ್ಥೆಯ 'ಡಾಲ್ಫಿನ್' ಬಂದಿತು. ಎರಡರ ಮೈಯೂ ತಗಡಿನದಲ್ಲ, ಫೈಬರಿನದು. ಹೆಚ್ಚು ಕಾಲ ಬಾಳದಿದ್ದರೂ ಇಂದು ಅಂತಹದೊಂದು ಕಾರನ್ನು ಉಳಿಸಿಕೊಂಡಿರುವವರ ಸಂತೋಷಕ್ಕೆ ಪಾರವಿಲ್ಲ.

ರೂಪವಲ್ಲ, ಉಪಯೋಗ

ಹಳೆಯ ಕಾರಿನ ಅಭಿಮಾನಿಗಳು ಕೂಡಿದಾಗ ಅವರ ಮಾತು ಕೆಲವು ಅಂಗಾಂಗಗಳ ಸುತ್ತಲೇ ಸುಳಿಯುತ್ತದೆ. ಅವನ್ನು ಒಂದೊಂದಾಗಿ ನೋಡಿದರೆ, ಅಲಂಕಾರವೆಂದು ನಾವು ತಿಳಿದಿರುವುದರಲ್ಲಿ ಬಹುಪಾಲು ಉಪಯೋಗಕ್ಕಾಗಿಯೇ ಹುಟ್ಟಿದುದೆಂಬುದು ಮನವರಿಕೆಯಾಗುತ್ತದೆ.

ಮೊದಲನೆಯದು ಆ ದುಂಡು ದೀಪ. ಅಮೆರಿಕದಲ್ಲಿ 1940ರಲ್ಲಿ ಏಳು ಅಂಗುಲ ವ್ಯಾಸದ ದುಂಡು ದೀಪವನ್ನು ಎಲ್ಲ ಕಾರುಗಳಿಗೂ ಏಕರೀತಿಯ ಅಳತೆಯಾಗಿ ಗೊತ್ತುಪಡಿಸಿದರು. ಕ್ರಮೇಣ ಆ ಅಳತೆ ಲೋಕದ ತುಂಬ ಹರಡಿತು. ನಮ್ಮ ಅಂಬಾಸಿಡರಿಗೂ ಫಿಯಾಟಿಗೂ ಜೀಪಿಗೂ ಇದ್ದುದು ಅದೇ ದೀಪ. ಕುಷ್ಟಗಿಯ ಬಳಿ ರಾತ್ರಿ ದೀಪ ಒಡೆದರೆ, ಬೆಳಗಾಗುವುದರೊಳಗೆ ಯಾವುದೋ ಜೀಪಿನ ದೀಪವನ್ನು ಎರವಲು ತಂದು ಕೂಡಿಸಿಕೊಂಡು ಹೊರಡಬಹುದಾಗಿತ್ತು. ಇಂದಿನ ಓರೆಗಣ್ಣಿನ ದೀಪಗಳು ನೋಡಲು ಚೆಂದ, ಬೆಳಕೂ ಹೆಚ್ಚು. ಆದರೆ ಒಂದು ಮಾದರಿಯದು ಇನ್ನೊಂದಕ್ಕೆ ಕೂಡುವುದಿಲ್ಲ. ಸಣ್ಣ ಬಿರುಕು ಬಿಟ್ಟರೂ ಬಹಳ ಸಲ ಇಡೀ ದೀಪದ ಜೋಡಣೆಯನ್ನೇ ಬದಲಿಸಬೇಕು, ಅದಕ್ಕೆ ಸಾವಿರಾರು ರೂಪಾಯಿ ತೆರಬೇಕು.

ಎರಡನೆಯದು ಮುಂಬಾಗಿಲ ಕಿಟಕಿಯ ಮೂಲೆಯಲ್ಲಿದ್ದ ಮುಕ್ಕೋನದ ಗಾಜು. ಅದನ್ನು ತುಸು ಓರೆಯಾಗಿ ತಿರುಗಿಸಿದರೆ ಗಾಳಿ ನೇರವಾಗಿ ಎದೆಯ ಮೇಲೆ ಬೀಸುತ್ತಿತ್ತು. ವೈಶಾಖದ ಬಿಸಿಲಿನಲ್ಲಿ ಯಲಬುರ್ಗಾದ ಎರೆಹೊಲಗಳ ನಡುವೆ ಸಾಗುವವರಿಗೆ ಅದೇ ಹವಾನಿಯಂತ್ರಣ. ಅದಕ್ಕೆ ವಿದ್ಯುತ್ತು ಬೇಡ, ಇಂಧನ ಬೇಡ, ರಿಪೇರಿ ಬೇಡ. ಎ.ಸಿ. ಬಂದ ಮೇಲೆ ಆ ಗಾಜು ಮರೆಯಾಯಿತು.

ಮೂರನೆಯದು ಹ್ಯಾಂಡ್ ಗೇರು ಮತ್ತು ಮುಂದಿನ ಅಖಂಡ ಆಸನ. ಗೇರಿನ ಕೋಲು ಸ್ಟೇರಿಂಗಿನ ಕೆಳಗೇ ಇದ್ದುದರಿಂದ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚಿನಂತಿತ್ತು. ಚಾಲಕನ ಪಕ್ಕದಲ್ಲಿ ಅಜ್ಜ, ಅಜ್ಜನ ತೊಡೆಯ ಮೇಲೆ ಮೊಮ್ಮಗ. ಹಿಂದೆ ಅಜ್ಜಿ, ಅವ್ವ, ಅತ್ತೆ, ಉಳಿದ ಮಕ್ಕಳು. ಕೂಡು ಕುಟುಂಬಕ್ಕೆಂದೇ ಮಾಡಿದ ಕಾರಿನಂತೆ ಅದು ಕಾಣುತ್ತಿತ್ತು. ಇನ್ನು ಆ ಡಿಕ್ಕಿ! ಬೀಗರ ಮನೆಯ ಬುತ್ತಿಯ ಗಂಟು, ಅಕ್ಕಿಯ ಚೀಲ, ಸ್ಟೆಪ್ನಿ ಎಲ್ಲವೂ ಅದರೊಳಗೆ ಸಮಾವೇಶಗೊಳ್ಳುತ್ತಿದ್ದವು.

ನಾಲ್ಕನೆಯದು ಉಕ್ಕಿನ ಬಂಪರು ಮತ್ತು ಅದರ ನಡುವಿನ ರಂಧ್ರದಲ್ಲಿ ತೂರಿಸಿ ತಿರುಗಿಸುವ ಹ್ಯಾಂಡಲ್. ಬ್ಯಾಟರಿ ಇಳಿದ ಚಳಿಗಾಲದ ಬೆಳಗಿನಲ್ಲಿ ಚೋಕ್ ಎಳೆದು, ಹ್ಯಾಂಡಲ್ ಹೊಡೆದು ಎಂಜಿನ್ನನ್ನು ಎಬ್ಬಿಸುವ ವಿದ್ಯೆ ಮನೆಯ ಗಂಡುಮಕ್ಕಳಿಗೆಲ್ಲ ಗೊತ್ತಿತ್ತು. ಅದು ಸುಖದ ಕೆಲಸವೇನಾಗಿರಲಿಲ್ಲ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಭಯವಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದಾಗ ಲೋಕವು ಅದನ್ನು ಸ್ವಾಗತಿಸಿದ್ದು ಸುಮ್ಮನೆ ಅಲ್ಲ.

ಕೈಗೆ ನಿಲುಕುವ ಯಂತ್ರ

ಈ ನಾಲ್ಕರಲ್ಲಿಯೂ ಹರಿಯುವ ಸಾಮಾನ್ಯ ಸೂತ್ರವೊಂದಿದೆ. ಹಳೆಯ ಕಾರು ಮನುಷ್ಯನ ಕೈಗೂ ಬುದ್ಧಿಗೂ ನಿಲುಕುವಂತಿತ್ತು. ಬಾನೆಟ್ಟನ್ನು ಎತ್ತಿದರೆ ಎಂಜಿನ್ನಿನ ಸುತ್ತ ಕೈ ಆಡುವಷ್ಟು ಜಾಗ. ಕಾರ್ಬೊರೇಟರ್ ಇಲ್ಲಿದೆ, ಡಿಸ್ಟ್ರಿಬ್ಯೂಟರ್ ಅಲ್ಲಿದೆ, ಪೆಟ್ರೋಲು ಈ ನಳಿಗೆಯಿಂದ ಬರುತ್ತದೆ ಎಂದು ಎಸ್ಸೆಸ್ಸೆಲ್ಸಿ ಓದಿದ ಹುಡುಗನಿಗೂ ಬೆರಳಿಟ್ಟು ತೋರಿಸಬಹುದಾಗಿತ್ತು. ಹೆರಾಲ್ಡ್ ಕಾರಿನಲ್ಲಂತೂ ಮುಂಭಾಗವೆಲ್ಲವೂ ಪೆಟ್ಟಿಗೆಯ ಮುಚ್ಚಳದಂತೆ ಮುಂದಕ್ಕೆ ತೆರೆದುಕೊಂಡು, ಎಂಜಿನ್ನೂ ಮುಂಗಾಲಿಗಳೂ ಪೂರ್ಣವಾಗಿ ಕಣ್ಣಿಗೆ ಬೀಳುತ್ತಿದ್ದವು.

ಈ ಕಾರುಗಳನ್ನು ನಮ್ಮ ಭಾಗದಲ್ಲಿ ಮೂವತ್ತು, ನಲವತ್ತು ವರ್ಷ ಓಡಿಸಿದವರು ಕಾರ್ಖಾನೆಯವರಲ್ಲ, ನಮ್ಮ ಊರುಗಳ ಮಿಸ್ತ್ರಿಗಳು. ಕೊಪ್ಪಳ, ಗಂಗಾವತಿಗಳ ಗ್ಯಾರೇಜುಗಳಲ್ಲಿ, ಹುಬ್ಬಳ್ಳಿ, ಹೊಸಪೇಟೆಗಳಿಂದ ಬಸ್ಸಿನ ಮೇಲೆ ತರಿಸಿದ ಬಿಡಿಭಾಗಗಳನ್ನಿಟ್ಟುಕೊಂಡು, ಶಬ್ದವನ್ನು ಕೇಳಿಯೇ ರೋಗವನ್ನು ಹೇಳಬಲ್ಲ ನಾಡವೈದ್ಯರಂತಿದ್ದರು ಅವರು. ಪಾಯಿಂಟಿನ ಅಂತರ ಸರಿಯಿದೆಯೇ ಎಂದು ತೆಳುವಾದ ಪಟ್ಟಿಯನ್ನು ತೂರಿಸಿ ನೋಡುವುದು, ಸವೆದ ಬುಷ್ಷಿಗೆ ಲೇತಿನಲ್ಲಿ ಹೊಸದನ್ನು ಕಡೆಸುವುದು, ಜಜ್ಜಿಹೋದ ಮಡ್‌ಗಾರ್ಡನ್ನು ಒಳಗಿನಿಂದ ಮೆಲ್ಲಗೆ ಬಡಿದು ಮೊದಲಿನ ದುಂಡುತನಕ್ಕೆ ತರುವುದು ಇವೆಲ್ಲವೂ ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ವಿದ್ಯೆಗಳು. ಪುಸ್ತಕದಲ್ಲಿ ಓದಿ ಕಲಿತುದಲ್ಲ.

ಕೊಪ್ಪಳದ ಸಮೀಪದ ಕಿನ್ನಾಳದ ಕಲೆಯನ್ನು ಬಲ್ಲವರಿಗೆ ಈ ಮಾತು ಬೇಗ ಹಿಡಿಸೀತು. ಅಲ್ಲಿನ ಚಿತ್ರಗಾರರು ಹಗುರವಾದ ಕಟ್ಟಿಗೆಗೆ ಹುಣಸೆ ಬೀಜದ ಸರಿಯನ್ನು ಬೆರೆಸಿದ ಲೇಪ ಕೊಟ್ಟು, ಬಣ್ಣ ಹಚ್ಚಿ ಗೊಂಬೆಗಳನ್ನೂ ದೇವರ ಮೂರ್ತಿಗಳನ್ನೂ ಮಾಡುತ್ತಾರೆ. ಹಳೆಯ ಮೂರ್ತಿಯ ಬಣ್ಣ ಮಾಸಿದರೆ, ಬೆರಳು ಮುರಿದರೆ ಅದನ್ನು ಎಸೆಯಬೇಕಾಗಿಲ್ಲ. ಬಲ್ಲವನ ಕೈಗೆ ಕೊಟ್ಟರೆ ಅದು ಮತ್ತೆ ಕಳೆಗೂಡುತ್ತದೆ. ಹಳೆಯ ಕಾರೂ ಅಂತಹುದೇ ವಸ್ತುವಾಗಿತ್ತು. ಮಾಡಿದವನೊಡನೆ ಅದರ ಆಯುಷ್ಯ ಮುಗಿಯುತ್ತಿರಲಿಲ್ಲ, ತಿದ್ದುವವನು ಇರುವ ತನಕ ಅದು ಬಾಳುತ್ತಿತ್ತು.

ಇಂದಿನ ಕಂಪನಿಗಳೂ ಜನರ ಈ ಒಲವನ್ನು ಅರಿಯದೆ ಇಲ್ಲ. 1997ರಲ್ಲಿ ಹೊಸ ಬೀಟಲ್, 2001ರಲ್ಲಿ ಹೊಸ ಮಿನಿ, 2007ರಲ್ಲಿ ಹೊಸ ಫಿಯಾಟ್ 500 ಹಳೆಯ ರೂಪವನ್ನೇ ನೆನಪಿಸುವಂತೆ ಮಾರುಕಟ್ಟೆಗೆ ಬಂದವು. ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಹೆಸರು 2018 ಮತ್ತು 2022ರಲ್ಲಿ ಮತ್ತೆ ಜೀವ ತಳೆಯಿತು. ಆದರೆ ಇವುಗಳಲ್ಲಿ ಮರಳಿ ಬಂದುದು ವೇಷ ಮಾತ್ರ. ಒಳಗಿನದೆಲ್ಲ ಈ ಕಾಲದ ಯಂತ್ರ, ಈ ಕಾಲದ ಗಣಕ. ದುಂಡು ದೀಪವನ್ನು ಮರಳಿ ಕೊಟ್ಟವರು, ಅದನ್ನು ನಾವೇ ಬದಲಿಸಿಕೊಳ್ಳುವ ಅನುಕೂಲವನ್ನು ಮರಳಿ ಕೊಡಲಿಲ್ಲ.

ಮೋಹಕ್ಕೂ ಮಿತಿ ಬೇಕು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನು ಹೇಳದಿದ್ದರೆ ಅದು ಓದುಗರಿಗೆ ಎಸಗುವ ಅಪಚಾರವಾದೀತು. "ಹಳೆಯ ಕಾರು ಗಟ್ಟಿ, ಈಗಿನದು ತಗಡಿನ ಡಬ್ಬಿ" ಎಂಬ ಮಾತು ನಮ್ಮಲ್ಲಿ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಇದು ಅರ್ಧ ಸತ್ಯ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದು 1959ರ ಷೆವರ್ಲೆ ಬೆಲ್ ಏರ್ ಎಂಬ ದೊಡ್ಡ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಎದುರುಬದುರಾಗಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಹಳೆಯ ಕಾರಿನ ಚಾಲಕನ ಕೋಣೆಯೇ ನಜ್ಜುಗುಜ್ಜಾಗಿ, ಅದರೊಳಗೆ ಕೂರಿಸಿದ್ದ ಗೊಂಬೆಗೆ ಮಾರಣಾಂತಿಕ ಪೆಟ್ಟು ಬಿದ್ದಿತು. ಹೊಸ ಕಾರಿನ ಮುಂಭಾಗ ಅಪ್ಪಚ್ಚಿಯಾದರೂ ಒಳಗಿನ ಗೊಂಬೆಗೆ ಆದುದು ಕಾಲಿನ ಸಣ್ಣ ಗಾಯದಷ್ಟು ಮಾತ್ರ. ಹೊಸ ಕಾರಿನ ಮೂತಿ ಬೇಗ ಮುದುಡುವುದು ದೋಷವಲ್ಲ, ಅದು ಬೇಕೆಂದೇ ಮಾಡಿದ ಏರ್ಪಾಡು. ಅಪಘಾತದ ಹೊಡೆತವನ್ನು ತಗಡು ನುಂಗಿಕೊಂಡು ಮನುಷ್ಯನನ್ನು ಉಳಿಸುತ್ತದೆ. ಹಳೆಯ ಕಾರಿನಲ್ಲಿ ತಗಡು ಉಳಿದು, ಹೊಡೆತವೆಲ್ಲ ಒಳಗಿದ್ದವರ ಎದೆಗೆ ಬರುತ್ತಿತ್ತು. ಅದರ ಬಗ್ಗದ ಸ್ಟೇರಿಂಗ್ ಕಂಬವು ಭರ್ಚಿಯಂತೆ ಚಾಲಕನ ಎದೆಯೆದುರು ನಿಂತಿರುತ್ತಿತ್ತು.

ಇಂದು ನಾವು ಕಟ್ಟಿಕೊಳ್ಳುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಸ್ವೀಡನ್ನಿನ ವೋಲ್ವೊ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ. ಇತರ ಕಂಪನಿಗಳೂ ಅದನ್ನು ಬಳಸಿಕೊಳ್ಳಲೆಂದು ಆ ಸಂಸ್ಥೆ ಅದರ ಹಕ್ಕನ್ನು ಮುಕ್ತವಾಗಿಟ್ಟಿತು. ನಮ್ಮ ಕೇಂದ್ರ ಸರಕಾರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ 16,715 ಜನ ಸೀಟ್ ಬೆಲ್ಟ್ ಧರಿಸದಿದ್ದವರು. ಮುಂದಿನ ಬೆಂಚಿನ ಮೇಲೆ ಅಜ್ಜನ ತೊಡೆಯಲ್ಲಿ ಮೊಮ್ಮಗ ಕುಳಿತ ಚಿತ್ರ ಎಷ್ಟೇ ಮಧುರವಾಗಿದ್ದರೂ ಇಂದಿನ ವೇಗದ ಹೆದ್ದಾರಿಯಲ್ಲಿ ಅದನ್ನು ಅನುಕರಿಸುವುದು ಆ ಮಗುವಿನ ಪ್ರಾಣದೊಡನೆ ಆಡುವ ಆಟ. ಹಿಂದೆ ಚಕ್ಕಡಿಗಳ ನಡುವೆ ಮೆಲ್ಲಗೆ ಸಾಗುತ್ತಿದ್ದ ಸೋಲಾಪುರ-ಚಿತ್ರದುರ್ಗ ರಸ್ತೆ ಇಂದು ಕುಷ್ಟಗಿಯ ಬಳಿ ಚತುಷ್ಪಥವಾಗಿದೆ. ಅದರ ಮೇಲಿನ ವೇಗಕ್ಕೆ ಹಳೆಯ ಕಾರಿನ ಬ್ರೇಕು ಸಾಟಿಯಲ್ಲ.

ಹೊಗೆಯ ವಿಷಯವೂ ಅಷ್ಟೆ. ಸೀಸ ಬೆರೆಸಿದ ಪೆಟ್ರೋಲು ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆಂದು ತಿಳಿದ ಮೇಲೆ, 2000ದ ಫೆಬ್ರವರಿಯಿಂದ ಅದರ ಮಾರಾಟವು ದೇಶದಾದ್ಯಂತ ನಿಂತಿತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6ರ ಕಟ್ಟುನಿಟ್ಟಿನ ಮಿತಿಗಳು ಜಾರಿಗೆ ಬಂದವು. ಕಾರ್ಬೊರೇಟರಿನ ಜಾಗದಲ್ಲಿ ಗಣಕ ಬಂದು ಕುಳಿತುದಕ್ಕೆ ಮುಖ್ಯ ಕಾರಣ ಇದೇ. ನಮ್ಮ ಮಿಸ್ತ್ರಿಯ ಕೈಗೆ ನಿಲುಕದಂತಾದ ಯಂತ್ರವೇ ನಮ್ಮ ಮಕ್ಕಳ ಉಸಿರಿಗೆ ಹಿತವಾದುದು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಶೆಡ್ಡಿನಲ್ಲಿರುವ ಕಾರನ್ನು ಏನು ಮಾಡುವುದು?

ಪದ್ಮಿನಿಯ ತಯಾರಿಕೆ ಸುಮಾರು 2000ದ ಹೊತ್ತಿಗೆ ನಿಂತಿತು. 1983ರ ಡಿಸೆಂಬರಿನಲ್ಲಿ ಬಂದು ಇವುಗಳ ಆಳ್ವಿಕೆಗೆ ತೆರೆ ಎಳೆದ ಮಾರುತಿ 800 ಕೂಡ 2014ರ ಜನವರಿಯಲ್ಲಿ ನಿಂತುಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯ ಬಾಗಿಲು ಮುಚ್ಚಿ ಅಂಬಾಸಿಡರಿನ ಯುಗ ಮುಗಿಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಇನ್ನು ಮುಂದೆ ಇವು ಹುಟ್ಟಲಾರವು, ಇರುವವು ಮಾತ್ರ ಉಳಿಯಬೇಕು.

ಮನೆಯಲ್ಲಿ ಇಂತಹ ಕಾರು ಇರುವವರು ಕಾನೂನನ್ನು ತಿಳಿದಿರುವುದು ಲೇಸು. ಹದಿನೈದು ವರ್ಷ ಮೀರಿದ ಸ್ವಂತ ಬಳಕೆಯ ಕಾರನ್ನು ಕರ್ನಾಟಕದಲ್ಲಿ ಗುಜರಿಗೆ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಯೋಗ್ಯತೆಯ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬಹುದು. ಆದರೆ 600 ರೂಪಾಯಿ ಇದ್ದ ನವೀಕರಣ ಶುಲ್ಕವು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ ಕಾರಿಗೆ ಬೇರೊಂದು ಹಾದಿಯಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ ಅದನ್ನು 20,000 ರೂಪಾಯಿ ಶುಲ್ಕ ತೆತ್ತು 'ವಿಂಟೇಜ್' ವಾಹನವೆಂದು ನೋಂದಾಯಿಸಬಹುದು. ಅದರ ಫಲಕದ ಮೇಲೆ 'ವಿಎ' ಎಂಬ ಅಕ್ಷರಗಳಿರುತ್ತವೆ, ನೋಂದಣಿ 10 ವರ್ಷ ನಡೆಯುತ್ತದೆ. ಅಂತಹ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವುಗಳಿಗೆ ಮಾತ್ರ ರಸ್ತೆಗೆ ತರಬಹುದು.

ಕಾರನ್ನು ಉಳಿಸಿಕೊಳ್ಳಲು ನಿಶ್ಚಯಿಸಿದವರು ಇಂಧನದ ಕಡೆಗೂ ಲಕ್ಷ್ಯ ಕೊಡಬೇಕು. ಇಂದು ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ತೇವವನ್ನು ಹೀರುವ ಗುಣದ್ದು, ಹಳೆಯ ಕಾಲದ ರಬ್ಬರಿನ ನಳಿಗೆ ಮತ್ತು ವಾಷರುಗಳನ್ನು ಕೆಡಿಸುವಂತಹದು. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕಿಯಲ್ಲಿ ಪೆಟ್ರೋಲನ್ನು ಹಾಗೆಯೇ ಬಿಡಬಾರದು. ನಳಿಗೆಗಳನ್ನು ಎಥೆನಾಲ್ ತಡೆಯುವ ಬಗೆಯವಾಗಿ ಬದಲಿಸಿಕೊಳ್ಳಬೇಕು, ವಾರಕ್ಕೊಮ್ಮೆಯಾದರೂ ಎಂಜಿನ್ನನ್ನು ಎಬ್ಬಿಸಿ ಕಾರನ್ನು ಅಂಗಳದಲ್ಲಿ ಮುಂದೆ ಹಿಂದೆ ಆಡಿಸಬೇಕು.

ಉಳಿಸಿಕೊಳ್ಳುವ ಶಕ್ತಿಯಾಗಲಿ ಸ್ಥಳವಾಗಲಿ ಇಲ್ಲದವರು ಗುಜರಿಯವನನ್ನು ಕರೆಯುವ ಮೊದಲು ಒಂದು ಗಳಿಗೆ ಯೋಚಿಸಲಿ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್ ಇದೆ. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಹತ್ತಾರು ವರ್ಷಗಳಿಂದ ಹಳೆಯ ವಾಹನಗಳನ್ನು ಸಂಗ್ರಹಿಸಿ ಕಾಪಾಡಿದ್ದಾರೆ. ಶ್ರೀರಂಗಪಟ್ಟಣದ ಸಮೀಪ ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿ 'ಪಯಣ' ಎಂಬ ವಸ್ತುಸಂಗ್ರಹಾಲಯವೂ ತೆರೆದಿದೆ. ಕಿಲೋ ಲೆಕ್ಕದಲ್ಲಿ ತೂಗಿ ಹಾಕುವ ಕಬ್ಬಿಣಕ್ಕಿಂತ, ಬಲ್ಲವರ ಕೈ ಸೇರುವ ಕಾರು ಹೆಚ್ಚು ಬೆಲೆಬಾಳುತ್ತದೆ.

ಉಳಿಯಬೇಕಾದುದು ವಿದ್ಯೆ

ಕಾರುಗಳಿಗಿಂತಲೂ ಬೇಗ ಅಳಿಯುತ್ತಿರುವುದು ಇನ್ನೊಂದಿದೆ. ಕಾರ್ಬೊರೇಟರನ್ನು ಬಿಚ್ಚಿ ತೊಳೆದು ಹದಗೊಳಿಸಬಲ್ಲ, ತಗಡನ್ನು ಬಡಿದು ರೂಪ ಕೊಡಬಲ್ಲ ಮಿಸ್ತ್ರಿಗಳಲ್ಲಿ ಅನೇಕರಿಗೆ ಈಗ ಅರವತ್ತು ಮೀರಿದೆ. ಕಣ್ಣು ಮಂಜಾಗಿದೆ, ಕೈ ನಡುಗುತ್ತಿದೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಆ ವಿದ್ಯೆ ಎಲ್ಲಿಯೂ ಬರೆದಿಟ್ಟುದಲ್ಲವಾದ್ದರಿಂದ, ಬಲ್ಲವರೊಡನೆಯೇ ಅದು ಮಣ್ಣಾಗುತ್ತದೆ. ಕಾರನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಬಹುದು, ಕೈಚಳಕವನ್ನು ನಿಲ್ಲಿಸುವುದೆಲ್ಲಿ?

ಇದಕ್ಕೆ ಸರಕಾರವನ್ನೋ ಸಂಘ ಸಂಸ್ಥೆಯನ್ನೋ ಕಾಯಬೇಕಾಗಿಲ್ಲ. ಐಟಿಐ ಓದುತ್ತಿರುವ ಮನೆಯ ಹುಡುಗನನ್ನು ರಜೆಯಲ್ಲಿ ಒಂದು ತಿಂಗಳು ಊರಿನ ಹಿರಿಯ ಮಿಸ್ತ್ರಿಯ ಬಳಿ ಕೂರಿಸಬಹುದು. ಕೈಯಲ್ಲಿರುವ ಮೊಬೈಲಿನಿಂದಲೇ ಅವರ ಕೆಲಸದ ಚಿತ್ರೀಕರಣ ಮಾಡಿ, ಅವರು ಬಳಸುವ ಮಾತುಗಳನ್ನು ಅವರ ದನಿಯಲ್ಲಿಯೇ ಉಳಿಸಬಹುದು. ಅಜ್ಜನ ಕಾರು ಹೋಗಿದ್ದರೂ ಅದರ ನೋಂದಣಿ ಪುಸ್ತಕ, ಕೊಂಡಾಗಿನ ರಸೀದಿ, ಮಹಾನವಮಿಯಂದು ಪೂಜೆ ಮಾಡಿ ತೆಗೆಸಿದ ಭಾವಚಿತ್ರಗಳನ್ನು ಒಂದು ಕಡತದಲ್ಲಿ ಸೇರಿಸಿಡಬಹುದು. ನಾಳೆ ನಮ್ಮ ಸೀಮೆಯ ಬದುಕಿನ ಚರಿತ್ರೆಯನ್ನು ಬರೆಯುವವರಿಗೆ ಅವು ಶಾಸನಗಳಷ್ಟೇ ಅಮೂಲ್ಯವಾದಾವು.

ಹೊಸ ಕಾರನ್ನು ಕೊಳ್ಳುವಾಗಲೂ ಹಳೆಯದರ ಪಾಠವನ್ನು ನೆನೆಯಬೇಕು. ಬಣ್ಣವೇನು, ಪರದೆ ಎಷ್ಟು ದೊಡ್ಡದು ಎಂದು ಕೇಳುವ ನಾವು, ಅಪಘಾತದ ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ನಕ್ಷತ್ರ ಬಂದಿವೆ ಎಂದು ಮೊದಲು ಕೇಳೋಣ. 2023ರಿಂದ ಭಾರತದಲ್ಲಿಯೇ ಅಂತಹ ಪರೀಕ್ಷೆಯ ವ್ಯವಸ್ಥೆಯಿದೆ. ಎರಡನೆಯದಾಗಿ, ದೀಪ ಒಡೆದರೆ ಬೆಲೆಯೆಷ್ಟು, ಬಿಡಿಭಾಗ ಎಷ್ಟು ದಿನಕ್ಕೆ ಬಂದೀತು, ನಮ್ಮೂರಿನ ಮಿಸ್ತ್ರಿ ಇದನ್ನು ಮುಟ್ಟಬಹುದೇ ಎಂದು ಕೇಳೋಣ. ಕೊಂಡ ವಸ್ತುವನ್ನು ತಿದ್ದಿಸಿಕೊಳ್ಳುವುದು ಗ್ರಾಹಕನ ಹಕ್ಕೆಂಬ ವಿಚಾರ ಇಂದು ಲೋಕದ ಹಲವೆಡೆ ಬೇರೂರಿದೆ. ನಮ್ಮ ಕೇಂದ್ರ ಸರಕಾರವೂ 2022ರ ಡಿಸೆಂಬರಿನಲ್ಲಿ ಇದಕ್ಕೆಂದೇ ಜಾಲತಾಣವನ್ನು ತೆರೆದು, ವಾಹನಗಳನ್ನೂ ಕೃಷಿ ಯಂತ್ರಗಳನ್ನೂ ಅದರಲ್ಲಿ ಸೇರಿಸಿದೆ. ಟ್ರ್ಯಾಕ್ಟರ್ ನಿಂತರೆ ಹಂಗಾಮೇ ಕೈತಪ್ಪುವ ನಮ್ಮ ರೈತ ಕುಟುಂಬಗಳಿಗೆ ಇದು ಹವ್ಯಾಸದ ಮಾತಲ್ಲ, ಹೊಟ್ಟೆಯ ಮಾತು.

ಹಳೆಯ ಕಾರು ನಮ್ಮನ್ನು ಸೆಳೆಯುವುದು ಅದರ ಹೊಳಪಿನಿಂದಷ್ಟೇ ಅಲ್ಲವೆಂಬುದು ಈಗ ಸ್ಪಷ್ಟವಾಗಿರಬೇಕು. ಕೆಟ್ಟರೆ ತಿದ್ದಬಹುದು, ತಿದ್ದುವವನು ನಮ್ಮ ಓಣಿಯಲ್ಲಿಯೇ ಇದ್ದಾನೆ ಎಂಬ ಭರವಸೆಯನ್ನು ಅದು ಕೊಡುತ್ತಿತ್ತು. ಪ್ರಾಣ ಕಾಯುವ ಬೆಲ್ಟನ್ನೂ ಗಾಳಿಯನ್ನು ಕೆಡಿಸದ ಎಂಜಿನ್ನನ್ನೂ ಹೊಸದರಿಂದ ಪಡೆಯೋಣ. ಎಸೆಯುವ ಮುನ್ನ ತಿದ್ದಿ ನೋಡುವ ತಾಳ್ಮೆಯನ್ನೂ, ತಿದ್ದುವ ಕೈಗೆ ಸಲ್ಲಿಸುವ ಗೌರವವನ್ನೂ ಹಳೆಯದರಿಂದ ಉಳಿಸಿಕೊಳ್ಳೋಣ. ನಿಮ್ಮ ಊರಿನಲ್ಲಿ ಅಂತಹ ಹಿರಿಯ ಮಿಸ್ತ್ರಿಯೊಬ್ಬರು ಇನ್ನೂ ಇದ್ದರೆ, ಮುಂದಿನ ಸಂಚಿಕೆ ನಿಮ್ಮ ಕೈ ಸೇರುವುದರೊಳಗೆ ಒಮ್ಮೆ ಅವರ ಗ್ಯಾರೇಜಿಗೆ ಹೋಗಿ ಬನ್ನಿ, ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.